ಗೆರೆಗಳೊಳಗಿನ ಜಾಣ್ಮೆ

ಸಿ.ಡಿ. ಡಬ್ಬಿಯ ಹಿಂಬದಿ ತಿರುಗಿಸಿದರೆ ಕಣ್ಣು ಹಾಡುಗಳ ಪಟ್ಟಿಯನ್ನು ಹುಡುಕುತ್ತದೆ. ಮೂಲೆಯ ಬಾರ್‌ಕೋಡ್ ಯಾರಿಗೂ ಬೇಡ. ಆದರೆ ಆ ಕಪ್ಪು ಗೆರೆಗಳನ್ನು ರೂಪಿಸಿದವರಿಗೆ ಶಹಬ್ಬಾಸ್ ಹೇಳಲೇಬೇಕು.

ಕೆಳಗೆ ಅಚ್ಚಾಗಿರುವುದು 13 ಅಂಕಿ. ಗೆರೆಗಳಲ್ಲಿ ಬಿಡಿಸಿರುವುದು 12 ಮಾತ್ರ! ಒಂದೊಂದು ಅಂಕಿಗೂ ಎರಡು ಕಪ್ಪು ಪಟ್ಟೆ, ಎರಡು ಬಿಳಿ ತೆರಪು. ಎಡಗಡೆಯ ಆರು ಅಂಕಿಗಳನ್ನು ಎರಡು ಬಗೆಯಲ್ಲಿ ಬರೆಯಬಹುದು. ಯಾವುದನ್ನು ಯಾವ ಬಗೆಯಲ್ಲಿ ಬರೆದಿದೆ ಎಂಬುದರಿಂದಲೇ ಮೊದಲ ಅಂಕಿ ತಿಳಿಯುತ್ತದೆ. ಅದು ಸೊನ್ನೆಯಾದರೆ ಅಮೆರಿಕದ ಹಳೆಯ 12 ಅಂಕಿಯ ಕೋಡೇ ಸಿಗುತ್ತದೆ. ಹಳತನ್ನು ಕೆಡವದೆ ಹೊಸತನ್ನು ಕಟ್ಟಿದ ಪರಿ ಇದು. ಕೊನೆಯ ಅಂಕಿಯಂತೂ ಕಾವಲುಗಾರ: ಯಾವುದೇ ಒಂದು ಅಂಕಿ ತಪ್ಪಿದರೂ ಲೆಕ್ಕ ತಾಳೆಯಾಗುವುದಿಲ್ಲ.

ಬಾರ್‌ಕೋಡ್ ಇಡೀ ಆಲ್ಬಮ್ಮಿನದು. ಒಳಗಿನ ಒಂದೊಂದು ಧ್ವನಿಮುದ್ರಣಕ್ಕೆ ಐ.ಎಸ್.ಆರ್.ಸಿ. ಎಂಬ, ಅಕ್ಷರ ಅಂಕಿ ಬೆರೆತ 12 ಸ್ಥಾನಗಳ ಬೇರೆ ಗುರುತು. ಅದೇ ಕೀರ್ತನೆಯನ್ನು ಅದೇ ಗಾಯಕಿ ಮತ್ತೆ ಹಾಡಿ ಮುದ್ರಿಸಿದರೆ ಹೊಸ ಸಂಖ್ಯೆ. ಹಳೆಯ ಮುದ್ರಣವನ್ನೇ ಹತ್ತು ಸಂಕಲನಗಳಿಗೆ ಸೇರಿಸಿದರೂ ಹಳೆಯ ಸಂಖ್ಯೆಯೇ. ಸಿ.ಡಿ.ಯಲ್ಲಿ ಇದನ್ನು ನಾದದ ಜೊತೆಜೊತೆಗೇ, ಕ್ಯೂ ಸಬ್‌ಕೋಡ್ ಎಂಬ ಪುಟ್ಟ ಜಾಗದಲ್ಲಿ ಕೂರಿಸಬಹುದು; ಕಿವಿಗೆ ಒಂದಿಷ್ಟೂ ತಾಗುವುದಿಲ್ಲ. ಸ್ಟ್ರೀಮಿಂಗ್ ಕಾಲದಲ್ಲೂ ಯಾವ ಮುದ್ರಣವನ್ನು ಎಷ್ಟು ಸಲ ಕೇಳಿದರು, ರಾಯಧನ ಯಾರಿಗೆ ಸಲ್ಲಬೇಕು ಎಂದು ಲೆಕ್ಕ ಹಿಡಿಯಲು ಇದೇ ಸಂಖ್ಯೆ ನೆರವಿಗೆ ಬರುತ್ತದೆ.

ಒಂದೇ ಕೃತಿ ಪ್ರತಿ ಸಲ ಹಾಡಿದಾಗಲೂ ಬೇರೆಯೇ ಎಂದು ರಸಿಕರು ಹೇಳುವುದನ್ನು ಈ ಲೆಕ್ಕದವರೂ ಒಪ್ಪಿದ್ದಾರಲ್ಲ, ನನಗೆ ಅದೇ ಖುಷಿ.