ನೀಮೋ, ಹಸಿರು ನೀರು ಮತ್ತು ಅವ್ವನ ಹೆಪ್ಪು

'ಫೈಂಡಿಂಗ್ ನೀಮೋ' (2003) ಸಿನಿಮಾವನ್ನು ಮಗಳ ಜೊತೆ ಎಷ್ಟು ಸಲ ನೋಡಿದ್ದೀನೋ ಲೆಕ್ಕ ಇಟ್ಟಿಲ್ಲ. ಆಂಡ್ರೂ ಸ್ಟಾಂಟನ್ ಹೇಳಿದ ಈ ಅಪ್ಪ-ಮಗನ ಕಥೆ ನನಗೂ ಇಷ್ಟ. ಆದರೆ ಅದರಲ್ಲೊಂದು ತಪ್ಪು ಪಾಠ ಇದೆ. ಅದನ್ನು ನಂಬಿದ್ದಕ್ಕೆ ನಮ್ಮನೆಯ ಎರಡು ಗೋಲ್ಡ್‌ಫಿಶ್ ಬೆಲೆ ತೆತ್ತವು.

ಸಿಡ್ನಿಯ ದಂತವೈದ್ಯನ ತೊಟ್ಟಿಯಲ್ಲಿ ಸಿಕ್ಕಿಬಿದ್ದ ಮೀನುಗಳ ಪ್ಲ್ಯಾನ್ ನೆನಪಿದೆಯಲ್ಲ? ನೀಮೋ ಫಿಲ್ಟರಿಗೆ ಕಲ್ಲು ಸಿಕ್ಕಿಸಬೇಕು, ನೀರು ಹಸಿರಾಗಬೇಕು, ಡಾಕ್ಟರು ಎಲ್ಲರನ್ನೂ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ತೊಟ್ಟಿ ತೊಳೆಯಬೇಕು. ಅಂದರೆ ಹಸಿರು ನೀರು ಕೊಳಕು, ತಿಳಿ ನೀರು ಶುಚಿ. ಶುಚಿ ಮಾಡೋದು ಅಂದರೆ ಪೂರ್ತಿ ಖಾಲಿ ಮಾಡೋದು. ಇಡೀ ಪ್ಲ್ಯಾನ್ ನಿಂತಿರೋದೇ ಈ ನಂಬಿಕೆ ಮೇಲೆ.

ನಾನೂ ಒಂದು ಭಾನುವಾರ ಅದನ್ನೇ ಮಾಡಿದೆ. ನೀರೆಲ್ಲ ಚೆಲ್ಲಿ, ಕಲ್ಲು ಉಜ್ಜಿ, ಫಿಲ್ಟರಿನ ಸ್ಪಂಜನ್ನು ನಲ್ಲಿ ಕೆಳಗೆ ಹಿಂಡಿ ಹಿಂಡಿ ತೊಳೆದೆ. ತೊಟ್ಟಿ ಫಳಫಳ. ಗುರುವಾರದ ಹೊತ್ತಿಗೆ ಎರಡೂ ಮೀನು ತೇಲುತ್ತಿದ್ದವು. ಮಗಳಿಗೆ "ಕಾಯಿಲೆ ಬಂದಿತ್ತು" ಅಂತ ಸುಳ್ಳು ಹೇಳಿದೆ.

ಬ್ಯಾಡಗಿಯಿಂದ ಬಂದಿದ್ದ ಅವ್ವ ಎಲ್ಲಾ ಕೇಳಿ ಒಂದೇ ಮಾತು ಅಂದಳು: "ಮೊಸರಿನ ಗಡಿಗಿ ತೊಳದ್ರೂ ಹೆಪ್ಪಿಗಂತ ಒಂದೀಟು ತಗದ ಇಡ್ತೀವಲ್ಲೋ. ನೀ ಹೆಪ್ಪನೂ ತೊಳದ್ಯಲ್ಲ!"

ನಾಲ್ಕು ವರ್ಷ ಬಿಇ ಓದಿದ ನನಗೆ ಹೊಳೆಯದ ಮಾತು. ಮೀನಿನ ಹೊಲಸು, ಉಳಿದ ಆಹಾರ ಕೊಳೆತು ಅಮೋನಿಯಾ ಆಗುತ್ತೆ. ಅದು ವಿಷ. ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತವೆ, ಅದೂ ವಿಷವೇ. ಆಮೇಲೆ ಅಷ್ಟೇನೂ ಅಪಾಯವಿಲ್ಲದ ನೈಟ್ರೇಟ್. ಈ ಬ್ಯಾಕ್ಟೀರಿಯಾ ಹೆಚ್ಚಾಗಿ ಇರೋದು ನೀರಲ್ಲಲ್ಲ, ಸ್ಪಂಜು ಮತ್ತು ಕಲ್ಲಿನ ಮೇಲೆ. ನಲ್ಲಿ ನೀರಿನ ಕ್ಲೋರಿನ್ ಅವನ್ನೂ ಕೊಲ್ಲುತ್ತೆ, ಮೀನಿನ ಕಿವಿರನ್ನೂ ಸುಡುತ್ತೆ. ಅಮೋನಿಯಾಗೆ ಬಣ್ಣವಿಲ್ಲ. ನಿಜವಾಗಿ ಫಿಲ್ಟರ್ ಕಟ್ಟಿದ್ದರೆ, ನೀರು ಹಸಿರಾಗೋ ಮುಂಚೆ ತಿಳಿ ನೀರಲ್ಲೇ ನೀಮೋ ಗೆಳೆಯರು ಒದ್ದಾಡಬೇಕಿತ್ತು. ಸಿನಿಮಾ ಕಣ್ಣಿಗೆ ಕಾಣೋ ಕೊಳೆಯನ್ನಷ್ಟೇ ನಂಬುತ್ತೆ.

ಹಾಗಾದರೆ ಎಷ್ಟು ಬದಲಿಸಬೇಕು? ಲೆಕ್ಕ ಸರಳ. ವಾರಕ್ಕೆ 10 ಪಿಪಿಎಂ ನೈಟ್ರೇಟ್ ಸೇರುತ್ತೆ, ಹೊಸ ನೀರಲ್ಲಿ ಅದು ಇಲ್ಲ ಅಂತ ಇಟ್ಕೊಳ್ಳಿ. ಪ್ರತಿ ವಾರ ಶೇ 10ರಷ್ಟು ಬದಲಿಸಿದರೆ ಅದು ಏರುತ್ತಾ ಹೋಗಿ 100ರ ಹತ್ತಿರ ನಿಲ್ಲುತ್ತೆ. ಶೇ 25 ಆದರೆ 40ಕ್ಕೆ, ಶೇ 50 ಆದರೆ 20ಕ್ಕೆ. 40ರೊಳಗೆ ಇಡೋದು ಸಾಮಾನ್ಯ ಗುರಿ. ಅದಕ್ಕೇ ವಾರಕ್ಕೆ ಕಾಲು ಭಾಗ; 60 ಲೀಟರ್ ತೊಟ್ಟಿಗೆ 15 ಲೀಟರ್, ಒಂದು ಬಕೆಟ್. ಮೀನು ಜಾಸ್ತಿ ಇದ್ದರೆ ಇನ್ನಷ್ಟು. ಆವಿಯಾದಷ್ಟು ತುಂಬಿಸೋದು ಬದಲಾವಣೆ ಅಲ್ಲ. ಆವಿಯಾಗೋದು ನೀರು ಮಾತ್ರ, ನೈಟ್ರೇಟ್ ಅಲ್ಲೇ ಉಳಿಯುತ್ತೆ. ಹೊಸ ನೀರಿಗೆ ಕ್ಲೋರಿನ್ ತೆಗೆಯೋ ದ್ರಾವಣ ಹಾಕಿ, ತೊಟ್ಟಿಯಷ್ಟೇ ಬೆಚ್ಚಗಿದೆಯಾ ಅಂತ ಕೈಯಿಟ್ಟು ನೋಡಿ. ಸ್ಪಂಜನ್ನು ಹೊರತೆಗೆದ ಹಳೇ ನೀರಲ್ಲೇ ಅದ್ದಿ ಹಿಂಡಿ, ಸಾಕು.

ಮೀನಿಗೆ ತೊಟ್ಟಿಯಲ್ಲ, ಕಡಲೇ ಮನೆ ಅನ್ನೋ ಸಿನಿಮಾದ ಮಾತನ್ನು ನಾನು ಒಪ್ಪುತ್ತೇನೆ. ಆದರೆ ತಂದು ಇಟ್ಟುಕೊಂಡ ಮೇಲೆ ಸಾಕೋದು ಹೇಗೆ ಅನ್ನೋದು ಅದಕ್ಕೆ ಬೇಕಿಲ್ಲ, ನಮಗೆ ಬೇಕು.

ಮಗಳಿಗೆ ಆಮೇಲೆ ನಿಜ ಹೇಳಿದೆ. ಸ್ವಲ್ಪ ಹೊತ್ತು ಮಾತು ಬಿಟ್ಟಿದ್ದಳು. ಈಗ ಪ್ರತಿ ಭಾನುವಾರ ಬಕೆಟ್ ಪಕ್ಕ ನಿಂತು, ನಾನು ಎಷ್ಟು ನೀರು ತೆಗೀತೀನಿ ಅಂತ ಅವಳೇ ಕಾಯ್ತಾಳೆ.