ಎರಡನೆಯ ಮಂಗಳವಾರದ ಮರುದಿನ

ಪ್ರತಿ ತಿಂಗಳ ಎರಡನೆಯ ಮಂಗಳವಾರ ಮೈಕ್ರೋಸಾಫ್ಟ್ ಸಂಸ್ಥೆಯು ತನ್ನ ವಿಂಡೋಸ್ ವ್ಯವಸ್ಥೆಯಲ್ಲಿ ಕಂಡುಬಂದ ರಂಧ್ರಗಳನ್ನು ಮುಚ್ಚುವ ಪರಿಷ್ಕರಣಗಳನ್ನು ಒಟ್ಟಾಗಿ ಬಿಡುಗಡೆ ಮಾಡುವ ಪದ್ಧತಿ 2003ರ ಅಕ್ಟೋಬರಿನಿಂದ ನಡೆದುಬಂದಿದೆ. ಅಮೆರಿಕದ ಪಶ್ಚಿಮ ತೀರದಲ್ಲಿ ಅದು ಬೆಳಗಿನ ಹತ್ತು ಗಂಟೆಯ ಕಾರ್ಯ. ಅಲ್ಲಿಯ ಗಡಿಯಾರ ಋತುವಿಗೆ ತಕ್ಕಂತೆ ಹಿಂದುಮುಂದಾಗುವುದರಿಂದ ನಮ್ಮಲ್ಲಿ ಆ ವೇಳೆಗೆ ರಾತ್ರಿ ಹತ್ತೂವರೆಯೋ ಹನ್ನೊಂದೂವರೆಯೋ ಆಗಿರುತ್ತದೆ. ಬ್ಯಾಡಗಿಯಲ್ಲಿ ಮೆಣಸಿನಕಾಯಿಯ ಪೇಟೆ ಕೂಡುವುದು ಸೋಮವಾರ ಮತ್ತು ಗುರುವಾರ. ಹೀಗಾಗಿ ಆ ಗಂಟು ಬ್ಯಾಡಗಿಯ ಅಂಗಡಿಯ ಗಣಕಯಂತ್ರದ ಬಾಗಿಲಿಗೆ ಬಂದು ನಿಲ್ಲುವುದು ಬುಧವಾರ ಮುಂಜಾನೆ, ಅಂದರೆ ಪೇಟೆಯ ಹಿಂದಿನ ದಿನ. ಭದ್ರತೆಯ ಅಪ್‌ಡೇಟ್ ಎಂದರೆ ನಮ್ಮ ಹಾವೇರಿ ಜಿಲ್ಲೆಯ ಜನ ಏಕೆ ಹಿಂದೆ ಸರಿಯುತ್ತಾರೆಂಬ ಪ್ರಶ್ನೆಗೆ ಅವರ ಅಜ್ಞಾನದಲ್ಲಿ ಉತ್ತರವನ್ನು ಹುಡುಕುವವರು ಮೊದಲು ಈ ಪಂಚಾಂಗವನ್ನು ನೋಡಬೇಕು.

ದಲಾಲರ ಅಂಗಡಿಯಲ್ಲಿ ಗುಮಾಸ್ತನಾದ ಹುಡುಗ, "ಸಾಹುಕಾರ್ರ, ಅಪ್‌ಡೇಟ್ ಕೇಳಾಕತ್ತೈತ್ರಿ" ಎನ್ನುತ್ತಾನೆ. "ಬ್ಯಾಡೋ ತಮ್ಮಾ, ನಾಳಿ ಟೆಂಡರ್ ಐತಿ, ಮುಗೀಲಿ ಆಮ್ಯಾಲ ನೋಡೂಣು" ಎಂಬ ಉತ್ತರ ಬರುತ್ತದೆ. ಟೆಂಡರ್ ಮುಗಿದ ಮೇಲೆ ತೂಕ, ತೂಕವಾದ ಮೇಲೆ ಪಟ್ಟಿ, ಪಟ್ಟಿಯಾದ ಮೇಲೆ ಹಣದ ಲೆಕ್ಕ, ಅಷ್ಟರಲ್ಲಿ ಮತ್ತೆ ಸೋಮವಾರ. ಆ 'ಆಮ್ಯಾಲ' ಎಂಬುದು ಹಾಗೆಯೇ ಯುಗಾದಿಯವರೆಗೆ ಉಳಿಯುವುದುಂಟು.

ಈ ಪೇಟೆಯ ಸ್ವರೂಪವನ್ನು ಕಣ್ಣಾರೆ ಕಂಡವರು ಆ ಸಾಹುಕಾರರನ್ನು ಬೇಗನೆ ದೂಷಿಸಲಾರರು. ಡಿಸೆಂಬರಿನಿಂದ ಏಪ್ರಿಲಿನವರೆಗಿನ ಭರದ ಕಾಲದಲ್ಲಿ ಒಂದೇ ದಿನ ಲಕ್ಷಕ್ಕೂ ಮೀರಿ ಚೀಲಗಳು ಇಳಿಯುತ್ತವೆ. 2011ರಲ್ಲಿ ಭೌಗೋಳಿಕ ಸೂಚಕದ ಮನ್ನಣೆ ಪಡೆದ ಬ್ಯಾಡಗಿ ಮೆಣಸಿನಕಾಯಿಯ ಕಡ್ಡಿ, ಡಬ್ಬಿ ಎಂಬ ಬಗೆಗಳೆರಡೂ ಅಂಗಡಿಗಳ ಮುಂದೆ ಕೆಂಪು ರಾಶಿಗಳಾಗಿ ಹರಡಿಕೊಳ್ಳುತ್ತವೆ. ಒಂದೊಂದು ರಾಶಿಗೂ ಲಾಟಿನ ಸಂಖ್ಯೆ ಬೀಳಬೇಕು, ಖರೀದಿದಾರರು ಗೊತ್ತುಪಡಿಸಿದ ವೇಳೆಯೊಳಗೆ ದರವನ್ನು ಗಣಕದ ಮೂಲಕ ನಮೂದಿಸಬೇಕು, ಹೆಚ್ಚಿನ ದರ ಯಾರದೆಂಬುದು ಪ್ರಕಟವಾಗಬೇಕು. ಗದಗ, ಕೊಪ್ಪಳ, ಬಳ್ಳಾರಿಗಳ ಕಡೆಯಿಂದ ರಾತ್ರಿಯೆಲ್ಲ ಲಾರಿಯಲ್ಲಿ ಕುಳಿತು ಬಂದ ರೈತನು ಆ ಪ್ರಕಟಣೆಯನ್ನೇ ಕಾಯುತ್ತ ನಿಂತಿರುತ್ತಾನೆ. 2024ರ ಮಾರ್ಚ್ 11ರ ಸೋಮವಾರ ದರ ಕುಸಿದಾಗ ಆ ಪ್ರಾಂಗಣದಲ್ಲಿ ಸಿಟ್ಟು ಬೆಂಕಿಯಾಗಿ, ಮಾರುಕಟ್ಟೆ ಸಮಿತಿಯ ಕಚೇರಿ ದಾಳಿಗೆ ತುತ್ತಾಗಿ, ವಾಹನಗಳು ಉರಿದುಹೋದದ್ದನ್ನು ನಾವು ಮರೆತಿಲ್ಲ. ಅಂದಿನ ಕಾರಣ ದರವೇ ಹೊರತು ಯಂತ್ರವಲ್ಲ. ಆದರೆ ಅಂಥ ಆತಂಕ ತುಂಬಿದ ದಿನದಂದು, ಪರದೆಯ ಮೇಲೆ ಚುಕ್ಕೆಗಳ ವರ್ತುಲವೊಂದು ತಿರುಗುತ್ತ, ಕಂಪ್ಯೂಟರನ್ನು ಆರಿಸಬೇಡಿರೆಂದು ಹೇಳುತ್ತ ನಿಂತರೆ ಅಂಗಡಿಯವನ ಎದೆ ಹೇಗೆ ಹೊಡೆದುಕೊಳ್ಳುವುದೆಂಬುದನ್ನು ದೂರದ ತಂತ್ರಜ್ಞರು ಊಹಿಸಲಾರರು.

ಅವನ ಭಯ ನಿರಾಧಾರವೂ ಅಲ್ಲ. 2018ರ ಅಕ್ಟೋಬರಿನಲ್ಲಿ ಬಂದ ವಿಂಡೋಸ್ 10ರ ದೊಡ್ಡ ಪರಿಷ್ಕರಣವು ಕೆಲವರ ಕಡತಗಳನ್ನೇ ಅಳಿಸಿಹಾಕಿ, ಸಂಸ್ಥೆಯು ಅದನ್ನು ತಡೆಹಿಡಿದು, ನವೆಂಬರ್ 13ರಂದು ಮರಳಿ ಬಿಡಬೇಕಾಯಿತು. ಮೆಣಸಿನಕಾಯಿ ಪೇಟೆಯ ದೃಷ್ಟಿಯಿಂದ ಅದಕ್ಕಿಂತಲೂ ಗಮನಾರ್ಹವಾದದ್ದು 2021ರ ಮಾರ್ಚ್ 9ರ ಭದ್ರತಾ ಪರಿಷ್ಕರಣ. ಅದನ್ನು ಹಾಕಿಕೊಂಡ ಗಣಕಗಳು, ಕ್ಯೋಸೆರಾ, ರಿಕೋ ಮೊದಲಾದ ಕೆಲವು ಪ್ರಿಂಟರುಗಳಿಗೆ ಕಾಗದ ಮುದ್ರಿಸಲು ಆಜ್ಞೆ ಕೊಟ್ಟೊಡನೆ ನೀಲಿ ಪರದೆಯನ್ನು ತೋರಿಸಿ ಕುಸಿದುಬೀಳುತ್ತಿದ್ದವು. ಪರಿಹಾರದ ಮೊದಲ ತುಂಡು ಹೊರಬಿದ್ದದ್ದು ಮಾರ್ಚ್ 15ರಂದು. ಆ ದಿನ ಅಮೆರಿಕದಲ್ಲಿ ಬೆಳಗಾಗುವ ಹೊತ್ತಿಗೆ ನಮ್ಮಲ್ಲಿ ಸೋಮವಾರದ ಪೇಟೆ ಮುಗಿದಿರುತ್ತದೆ. ಪಟ್ಟಿ ಮುದ್ರಣವಾಗದೆ ರೈತನ ಕೈಗೆ ಲೆಕ್ಕ ಸಿಗದು, ಲೆಕ್ಕ ಸಿಗದೆ ಅವನು ಊರಿಗೆ ಹೊರಡಲಾರ. ಮುದ್ರಣವೇ ಪ್ರಾಣವಾದ ವ್ಯಾಪಾರದಲ್ಲಿ, ವರ್ಷದ ಅತ್ಯಂತ ಒತ್ತಡದ ವಾರದಲ್ಲಿ, ರಕ್ಷಣೆಗೆಂದು ಬಂದದ್ದೇ ಮುದ್ರಣವನ್ನು ನಿಲ್ಲಿಸಬಲ್ಲುದೆಂದಾದರೆ, "ಆಮ್ಯಾಲ" ಎಂದವನು ಅವಿವೇಕಿಯೆಂದು ನಾನು ಹೇಳಲಾರೆ. ಆದರೆ ಅದೇ ವರ್ಷದ ಜುಲೈ 6ರಂದು ಸಂಸ್ಥೆಯು ಎರಡನೆಯ ಮಂಗಳವಾರಕ್ಕೂ ಕಾಯದೆ ತುರ್ತಾಗಿ ಮತ್ತೊಂದು ಪರಿಷ್ಕರಣವನ್ನು ಹೊರಡಿಸಿತು. ಮುದ್ರಣದ ಸರದಿಯನ್ನು ನೋಡಿಕೊಳ್ಳುವ ವಿಂಡೋಸಿನ ಅಂಗದಲ್ಲಿಯೇ ಕಳ್ಳರು ನುಗ್ಗಬಹುದಾದ ಘೋರವಾದ ರಂಧ್ರವೊಂದು ಬಯಲಾಗಿತ್ತು. ಮಾರ್ಚಿನಲ್ಲಿ ಮುದ್ರಣವನ್ನು ಕೆಡಿಸಿದ ಕೈಯೇ ಜುಲೈಯಲ್ಲಿ ಮುದ್ರಣದ ದಾರಿಯನ್ನು ಕಾಯಲು ಬಂದಿತೆಂಬ ಸಂಗತಿಯಲ್ಲಿ ಈ ವಿಷಯದ ಕ್ಲೇಶವೆಲ್ಲ ಅಡಗಿದೆ: ಹಾಕಿದರೆ ಒಂದು ಅಪಾಯ, ಹಾಕದಿದ್ದರೆ ಇನ್ನೊಂದು, ಮತ್ತು ಎರಡನೆಯದು ಕಣ್ಣಿಗೆ ಕಾಣುವುದಿಲ್ಲ.

ಅವಿಶ್ವಾಸದ ಬೇರು ಇನ್ನೂ ಆಳದಲ್ಲಿದೆ, ಮತ್ತು ಅದನ್ನು ನೆಟ್ಟವರು ಬಳಕೆದಾರರಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ. 2015ರ ಜುಲೈ 29ರಂದು ವಿಂಡೋಸ್ 10 ಹೊರಬಂದ ಮೇಲೆ ಒಂದು ವರ್ಷದವರೆಗೆ ಹಳೆಯ ವಿಂಡೋಸ್ 7 ಇದ್ದವರಿಗೆಲ್ಲ ಅದನ್ನು ಉಚಿತವಾಗಿ ನೀಡುವ ಆಹ್ವಾನವು ನಡೆಯಿತು. ಆ ಆಹ್ವಾನವನ್ನು ತಂದದ್ದು ಭದ್ರತಾ ಪರಿಷ್ಕರಣಗಳು ಬರುತ್ತಿದ್ದ ದಾರಿಯೇ. 2016ರ ಮೇ ತಿಂಗಳ ವೇಳೆಗೆ, ಆಹ್ವಾನದ ಪೆಟ್ಟಿಗೆಯ ಮೂಲೆಯಲ್ಲಿದ್ದ ಗುಣಾಕಾರದ ಗುರುತನ್ನು ಒತ್ತಿ ಮುಚ್ಚಿದರೂ ನಿಗದಿಯಾಗಿದ್ದ ಬದಲಾವಣೆ ರದ್ದಾಗದೆ ಉಳಿಯುವಂಥ ಏರ್ಪಾಟಾಗಿ, ರಾತ್ರಿ ಒಂದು ರೂಪದಲ್ಲಿ ಆರಿಸಿದ ಯಂತ್ರ ಬೆಳಿಗ್ಗೆ ಇನ್ನೊಂದು ರೂಪದಲ್ಲಿ ಎದ್ದು ನಿಂತ ಅನುಭವ ಲೋಕದಾದ್ಯಂತ ಅನೇಕರಿಗೆ ಆಯಿತು. ಹಂಚು ಸರಿಪಡಿಸಲು ಬಂದವನು ಯಜಮಾನ ಮಲಗಿದ್ದಾಗ ಅಡುಗೆಮನೆಯ ಬಾಗಿಲನ್ನು ಬೇರೆ ಗೋಡೆಗೆ ಸರಿಸಿ ಹೋದರೆ, ಮುಂದಿನ ಮಳೆಗಾಲದಲ್ಲಿ ಸೂರು ಸೋರಿದರೂ ಅವನನ್ನು ಯಾರು ಕರೆದಾರು? ಜನ ಅಪ್‌ಡೇಟಿನ ಬಾಗಿಲನ್ನೇ ಮುಚ್ಚಿದರು. ಅದೇ ವರ್ಷದ ಅಕ್ಟೋಬರಿನಿಂದ ವಿಂಡೋಸ್ 7ಕ್ಕೂ ತಿಂಗಳ ಪರಿಷ್ಕರಣಗಳೆಲ್ಲ ಒಂದೇ ಮೂಟೆಯಾಗಿ ಬರತೊಡಗಿದವು. ಬೇಕಾದದ್ದನ್ನು ಆರಿಸಿ ಬೇಡವಾದದ್ದನ್ನು ಬಿಡುವ ಸ್ವಾತಂತ್ರ್ಯವೂ ಸಾಮಾನ್ಯನ ಕೈತಪ್ಪಿತು.

ಅದರ ಫಲ ಕಾಣಲು ಬಹಳ ಕಾಲ ಬೇಕಾಗಲಿಲ್ಲ. 2017ರ ಮಾರ್ಚ್ 14ರಂದು, ಗಣಕಗಳು ಪರಸ್ಪರ ಕಡತ ಹಂಚಿಕೊಳ್ಳುವ ವ್ಯವಸ್ಥೆಯಲ್ಲಿದ್ದ ದೋಷವೊಂದಕ್ಕೆ ಮದ್ದು ಬಿಡುಗಡೆಯಾಯಿತು. ಮೇ 12ರಂದು ವಾನಾಕ್ರೈ ಎಂಬ ಕುತಂತ್ರಾಂಶ ಅದೇ ದೋಷದ ಮೂಲಕ, ಬಳಕೆದಾರನು ಯಾವುದನ್ನೂ ಒತ್ತದಿದ್ದರೂ, ಒಂದು ಯಂತ್ರದಿಂದ ಮತ್ತೊಂದಕ್ಕೆ ತಾನೇ ಹರಿದು, ಸುಮಾರು 150 ದೇಶಗಳಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಗಣಕಗಳ ಕಡತಗಳಿಗೆ ಬೀಗ ಹಾಕಿ, ಬಿಡುಗಡೆಗೆ 300 ಡಾಲರಿನ ಬಿಟ್‌ಕಾಯಿನ್ ಕೇಳಿತು. ಬ್ರಿಟನ್ನಿನ ಆಸ್ಪತ್ರೆಗಳು ರೋಗಿಗಳನ್ನು ಹಿಂದಿರುಗಿಸಿದವು. ನಮ್ಮ ನೆರೆಯ ಆಂಧ್ರಪ್ರದೇಶದ ಪೊಲೀಸ್ ಇಲಾಖೆಯ ಕೆಲವು ಗಣಕಗಳೂ ಪಶ್ಚಿಮ ಬಂಗಾಳದ ವಿದ್ಯುತ್ ವಿತರಣ ಕಚೇರಿಗಳ ಕೆಲವು ಗಣಕಗಳೂ ಸಿಕ್ಕಿಬಿದ್ದವು. ಅದು ಅತಿ ಹಳೆಯ ವಿಂಡೋಸ್ ಎಕ್ಸ್‌ಪಿಯ ಪಾಡೆಂದು ಮೊದಲು ಎಲ್ಲರೂ ಭಾವಿಸಿದರು. ಆದರೆ ಕ್ಯಾಸ್ಪರ್‌ಸ್ಕಿ ಸಂಸ್ಥೆಯ ಗಣನೆಯಂತೆ ಬಲಿಯಾದವುಗಳಲ್ಲಿ ನೂರಕ್ಕೆ ತೊಂಬತ್ತೆಂಟು ವಿಂಡೋಸ್ 7ರವು, ಅಂದರೆ ಎರಡು ತಿಂಗಳ ಹಿಂದೆಯೇ ಮದ್ದು ಸಿದ್ಧವಾಗಿದ್ದ ಯಂತ್ರಗಳು. ಹಿಂದಿನ ವರ್ಷದ ಬಲಾತ್ಕಾರವೇ ಇದಕ್ಕೆಲ್ಲ ಕಾರಣವೆನ್ನಲಾಗದು. ಆದರೆ ಅದು ಜನರಿಗೆ ಕಲಿಸಿದ ಪಾಠ ಇದರಲ್ಲಿ ಭಾಗಿಯೆಂಬುದರಲ್ಲಿ ನನಗೆ ಸಂದೇಹವಿಲ್ಲ. ರಂಧ್ರ ಮುಚ್ಚುವ ಕಾರ್ಯವನ್ನೂ ರೂಪ ಬದಲಿಸುವ ಕಾರ್ಯವನ್ನೂ ಒಂದೇ ಗಂಟಿನಲ್ಲಿ ಕಟ್ಟಬಾರದು. ಮೊದಲನೆಯದು ಬಳಕೆದಾರನಿಗೆ ಸಲ್ಲಬೇಕಾದ ಋಣ; ಎರಡನೆಯದು ಅವನ ಮುಂದಿಡಬಹುದಾದ ಒಂದು ಸಲಹೆ ಮಾತ್ರ.

ರಾಣೆಬೆನ್ನೂರಿನ ಮುದ್ರಣಾಲಯಗಳ ಕಥೆ ಬೇರೆ. ಲಗ್ನಪತ್ರಿಕೆ, ಬೀಜದ ಅಂಗಡಿಗಳ ಕರಪತ್ರ, ಜಾತ್ರೆಯ ಭಿತ್ತಿಪತ್ರಗಳನ್ನು ಜೋಡಿಸುವ ಡಿಟಿಪಿ ಕೋಣೆಗಳಲ್ಲಿ ಪೇಜ್‌ಮೇಕರ್ ಇನ್ನೂ ಜೀವಂತವಾಗಿದೆ. ಅದರ ಕೊನೆಯದಾದ ಏಳನೆಯ ಆವೃತ್ತಿ ಬಂದದ್ದು 2001ರಲ್ಲಿ. ಅದರೊಡನೆ ಕನ್ನಡ ಗಣಕ ಪರಿಷತ್ತಿನ ನುಡಿ, ಅಥವಾ ಅಂಥದೇ ಮತ್ತೊಂದು ಅಕ್ಷರತಂತ್ರ. ಯೂನಿಕೋಡಿಗೆ ಮುಂಚಿನ ಆ ವಿನ್ಯಾಸದಲ್ಲಿ ಕಡತದೊಳಗೆ ಉಳಿಯುವುದು ರೋಮನ್ ಲಿಪಿಯ ಸಂಕೇತಗಳು. ಅವುಗಳಿಗೆ ಕನ್ನಡದ ಆಕಾರ ತೊಡಿಸುವುದು ಆ ನಿರ್ದಿಷ್ಟ ಫಾಂಟು. ಫಾಂಟು ತಪ್ಪಿದರೆ ಹತ್ತಾರು ವರ್ಷ ಕೂಡಿಸಿಟ್ಟ ಪುಟಗಳು ಅರ್ಥವಿಲ್ಲದ ಚಿಹ್ನೆಗಳ ರಾಶಿಯಾಗುತ್ತವೆ. ಆದಕಾರಣ ವಿಂಡೋಸ್ 7ಕ್ಕೆ 2020ರ ಜನವರಿ 14ರಂದು ಬೆಂಬಲ ಮುಗಿದರೂ ಅದನ್ನು ಬಿಡಲೊಲ್ಲದವರು ಅಲ್ಲಿದ್ದಾರೆ. ಅವರಿಗೆ ಹೊಸದನ್ನು ಹಾಕಿಸಿಕೊಳ್ಳಿರೆಂದು ಬೋಧಿಸುವುದು ವ್ಯರ್ಥ, ಮತ್ತು ಒಂದು ದೃಷ್ಟಿಯಲ್ಲಿ ಅನ್ಯಾಯ. ನನ್ನ ಪ್ರಾರ್ಥನೆ ಇಷ್ಟೆ: ಆ ಹಳೆಯ ಯಂತ್ರದಿಂದ ಅಂತರ್ಜಾಲದ ತಂತಿಯನ್ನು ಕಳಚಿಡಿ, ಗಿರಾಕಿ ತಂದ ಪೆನ್‌ಡ್ರೈವನ್ನು ಅದಕ್ಕೆ ನೇರವಾಗಿ ಚುಚ್ಚದೆ ಪರಿಷ್ಕೃತವಾದ ಮತ್ತೊಂದು ಯಂತ್ರದಲ್ಲಿ ಮೊದಲು ಪರೀಕ್ಷಿಸಿರಿ, ಮತ್ತು ಬಿಡುವಿನ ಆಷಾಢದಲ್ಲಿ ಹಳೆಯ ಕಡತಗಳನ್ನು ಸ್ವಲ್ಪ ಸ್ವಲ್ಪವಾಗಿ ಯೂನಿಕೋಡಿಗೆ ಪರಿವರ್ತಿಸಿಡಿ.

ಜಿಲ್ಲಾಕೇಂದ್ರವಾದ ಹಾವೇರಿಯಲ್ಲಿ ವ್ಯಾಪಾರಕ್ಕಿಂತ ಕಚೇರಿಯೇ ಪ್ರಧಾನ. ಅಲ್ಲಿ ಪ್ರಶ್ನೆ ಬೇರೊಂದು ವಿಧದ್ದು: 2025ರ ಅಕ್ಟೋಬರ್ 14ರಂದು ವಿಂಡೋಸ್ 10ರ ಸಾಮಾನ್ಯ ಬೆಂಬಲವೂ ಮುಗಿಯಿತು, ಹನ್ನೊಂದನೆಯದು ಟಿಪಿಎಂ 2.0 ಎಂಬ ಭದ್ರತಾ ಅಂಗವನ್ನೂ ಹೊಸ ತಲೆಮಾರಿನ ಪ್ರೊಸೆಸರನ್ನೂ ಕೇಳುತ್ತದೆ, ಅರ್ಜಿ ತುಂಬಿಕೊಡುವ ಸಣ್ಣ ಸೈಬರ್ ಅಂಗಡಿಗಳ ಚೆನ್ನಾಗಿ ದುಡಿಯುತ್ತಿರುವ ಅನೇಕ ಯಂತ್ರಗಳು ಆ ಯೋಗ್ಯತೆಗೆ ಏರಲಾರವು. ಮನೆಬಳಕೆಯ ಗಣಕಗಳಿಗೆ 2026ರ ಅಕ್ಟೋಬರ್ 13ರವರೆಗೆ ಭದ್ರತಾ ಪರಿಷ್ಕರಣಗಳನ್ನು ಮುಂದುವರಿಸುವ ಏರ್ಪಾಟಿದ್ದರೂ, ಅದಕ್ಕೆ ಬಳಕೆದಾರರು ತಾವೇ ಹೆಸರು ನೋಂದಾಯಿಸಬೇಕು. ಆಧಾರ್, ಪಹಣಿ, ಬ್ಯಾಂಕಿನ ಪುಸ್ತಕ ಇವೆಲ್ಲದರ ಪ್ರತಿಗಳು ಹಾದುಹೋಗುವ ಯಂತ್ರ ಕಾವಲಿಲ್ಲದೆ ನಿಂತರೆ ನಷ್ಟವಾಗುವುದು ಅಂಗಡಿಯವನಿಗಿಂತ ಹೆಚ್ಚಾಗಿ ಸರದಿಯಲ್ಲಿ ನಿಂತ ಮುದುಕಿಗೆ. ದೊಡ್ಡವರೂ ಹೀಗೆ ತಡಮಾಡಿದ್ದುಂಟು: ಎಕ್ಸ್‌ಪಿಗೆ 2014ರ ಏಪ್ರಿಲ್ 8ರಂದು ಬೆಂಬಲ ನಿಂತಿದ್ದರೂ, ಎಟಿಎಂಗಳಿಂದ ಅದನ್ನು ತೆಗೆಸಲು ರಿಸರ್ವ್ ಬ್ಯಾಂಕು 2018ರ ಜೂನಿನಲ್ಲಿ ಸುತ್ತೋಲೆ ಹೊರಡಿಸಿ, ಒಂದು ವರ್ಷದ ಗಡುವನ್ನು ಹಂತ ಹಂತವಾಗಿ ಕಟ್ಟಬೇಕಾಯಿತು.

ಬ್ಯಾಡಗಿಗೆ ಮರಳಿ ಹೇಳುವುದಾದರೆ, ಬುಧವಾರ ಬಂದ ಗಂಟನ್ನು ಬುಧವಾರವೇ ಬಿಚ್ಚಬೇಕೆಂಬ ನಿರ್ಬಂಧವನ್ನು ನಾನು ಒಪ್ಪುವುದಿಲ್ಲ. ಯುಗಾದಿಯವರೆಗೆ ಮೂಲೆಗಿಡುವುದನ್ನು ಅದಕ್ಕಿಂತಲೂ ಒಪ್ಪುವುದಿಲ್ಲ. ಈಗಿನ ವಿಂಡೋಸಿನಲ್ಲಿ ಪರಿಷ್ಕರಣವನ್ನು ಕೆಲವು ದಿನಗಳ ಮಟ್ಟಿಗೆ ತಡೆಹಿಡಿಯುವ ಸೌಲಭ್ಯ ಎಲ್ಲರಿಗೂ ಉಂಟು. ಕೆಲಸದ ವೇಳೆಯನ್ನು ತಿಳಿಸಿಟ್ಟರೆ ಆ ಹೊತ್ತಿನಲ್ಲಿ ಯಂತ್ರ ತಾನಾಗಿ ಮರುಚಾಲನೆಗೊಳ್ಳದು. ಗುರುವಾರದ ಪೇಟೆ ಸುರಕ್ಷಿತವಾಗಿ ಮುಗಿಯಲಿ. ಮುದ್ರಣ ನಿಲ್ಲಿಸುವಂಥ ದೋಷವಿದ್ದರೆ ಆ ಎರಡು ದಿನಗಳಲ್ಲಿ ಲೋಕದ ಯಾವುದೋ ಮೂಲೆಯಲ್ಲಿ ಬಯಲಾಗಿರುತ್ತದೆ. 2021ರಲ್ಲಿ ಮರುದಿನವೇ ಬಯಲಾಗಿತ್ತು. ಕಳ್ಳರು ಈಗಾಗಲೇ ಬಳಸುತ್ತಿರುವ ರಂಧ್ರವೆಂದು ಕೇಂದ್ರ ಸರ್ಕಾರದ ಸರ್ಟ್-ಇನ್ ಸಂಸ್ಥೆಯ ಎಚ್ಚರಿಕೆ ಬಂದಿದ್ದರೆ ಮಾತ್ರ ಗುರುವಾರ ರಾತ್ರಿಯನ್ನೂ ದಾಟಿಸಬಾರದು. ಶುಕ್ರವಾರ ಬೆಳಿಗ್ಗೆ ಮೊದಲು ಟ್ಯಾಲಿಯ ಲೆಕ್ಕವನ್ನೂ ಪಟ್ಟಿಗಳ ಕಡತವನ್ನೂ ಹೊರಗಿನ ಡಿಸ್ಕಿಗೆ ನಕಲು ಮಾಡಿ, ಆ ಡಿಸ್ಕನ್ನು ಯಂತ್ರದಿಂದ ಬಿಡಿಸಿ ತಿಜೋರಿಯಲ್ಲಿಡಬೇಕು. ಜೋಡಿಸಿಯೇ ಬಿಟ್ಟರೆ, ಕಡತಗಳಿಗೆ ಬೀಗಹಾಕುವ ಕುತಂತ್ರಾಂಶ ಅದನ್ನೂ ಬಿಡುವುದಿಲ್ಲ. ಅನಂತರ ಅಪ್‌ಡೇಟ್ ಹಾಕಿ, ಯಂತ್ರ ಎದ್ದ ಮೇಲೆ ಹಳೆಯ ಪಟ್ಟಿಯೊಂದನ್ನು ತೆಗೆದು ಪ್ರಿಂಟರಿಗೆ ಕಳುಹಿಸಿ ನೋಡಬೇಕು. ಕಾಗದ ಹೊರಬರದಿದ್ದರೆ ಆ ಪರಿಷ್ಕರಣವನ್ನು ತೆಗೆದುಹಾಕಿ ಹಿಂದಿನ ಸ್ಥಿತಿಗೆ ಮರಳುವ ದಾರಿಯುಂಟು. ಅದನ್ನು ಬಲ್ಲವನನ್ನು ಕರೆಸಲು ಸೋಮವಾರದ ಟೆಂಡರಿಗೆ ಮುಂಚೆ ಶನಿವಾರವೂ ಭಾನುವಾರವೂ ಕೈಯಲ್ಲಿರುತ್ತವೆ.