ಶಾಸನಗಳ ಉತ್ತರಾರ್ಧ: ಶಾಲೆ, ಶ್ರೇಣಿ, ಊರು

ನಮ್ಮ ಪ್ರಾಚೀನ ವಿದ್ಯಾಸ್ಥಾನಗಳನ್ನು ಕುರಿತು ಬರೆಯುವವರಲ್ಲಿ ಒಂದು ರೂಢಿಯು ಬೇರೂರಿದೆ. ಶಾಸನದ ಪೂರ್ವಾರ್ಧದಲ್ಲಿ ಬರುವ ದಾನಿಯ ವಂಶಪ್ರಶಸ್ತಿಯನ್ನೂ, ಆ ಸ್ಥಾನದಲ್ಲಿ ಪಾಠವಾಗುತ್ತಿದ್ದ ಶಾಸ್ತ್ರಗಳ ನಾಮಾವಳಿಯನ್ನೂ ವಿಸ್ತಾರವಾಗಿ ಉದ್ಧರಿಸಿ, ಅನಂತರ ಬರುವ ಭೂಮಿಯ ಅಳತೆ, ದೀಪದ ವೆಚ್ಚ, ಊರವರು ಕೊಡತಕ್ಕ ಹಣ ಇವೆಲ್ಲವನ್ನೂ ‘ಮುಂದೆ ದತ್ತಿಯ ವಿವರಗಳಿವೆ’ ಎಂಬ ಒಂದೇ ವಾಕ್ಯದಲ್ಲಿ ಮುಗಿಸಿಬಿಡುವುದೇ ಆ ರೂಢಿಯು. ಬಳ್ಳಿಗಾವೆಯ ಕೋಡಿಯಮಠವನ್ನು ವರ್ಣಿಸುವ ಕ್ರಿ.ಶ. ೧೧೬೨ರ ಶಾಸನವು ಇದಕ್ಕೆ ಒಳ್ಳೆಯ ನಿದರ್ಶನ. ವೇದಗಳು, ಕೌಮಾರ ಪಾಣಿನೀಯ ಶಾಕಟಾಯನಾದಿ ವ್ಯಾಕರಣಗಳು, ದರ್ಶನಗಳು, ಪುರಾಣಗಳು, ಕಾವ್ಯನಾಟಕಗಳು ಎಂಬ ಆ ಭವ್ಯವಾದ ಪಟ್ಟಿಯನ್ನು ಕಂಠಪಾಠ ಮಾಡಿರದ ಕನ್ನಡ ಅಧ್ಯಾಪಕರು ವಿರಳ. ಆ ಮಠದ ಅನ್ನಕ್ಕೆ ಅಕ್ಕಿಯು ಎಲ್ಲಿಂದ ಬರುತ್ತಿತ್ತೆಂದು ಕೇಳಿದರೆ ಉತ್ತರ ಕೊಡಬಲ್ಲವರು ಇನ್ನೂ ವಿರಳ. ನಾನೂ ಇಪ್ಪತ್ತು ವರ್ಷಗಳ ಕಾಲ ಹಾಗೆಯೇ ಪಾಠ ಹೇಳಿದವನು. ಆದುದರಿಂದ ಈ ಆಕ್ಷೇಪದಲ್ಲಿ ಮೊದಲನೆಯ ಪಾಲು ನನ್ನದು.

ಇದರಿಂದ ಆಗಿರುವ ಹಾನಿಯು ಅಲ್ಪವಲ್ಲ. ಪೂರ್ವಾರ್ಧವನ್ನು ಮಾತ್ರ ಓದಿದವನಿಗೆ ವಿದ್ಯಾಸ್ಥಾನವೆಂಬುದು ಒಬ್ಬ ಮಹಾದಾನಿಯ ಕೈಯಿಂದ ಬಿದ್ದ ವರವಾಗಿ ತೋರುವುದು. ಈಚೆಗೆ ಶಾಲೆಗಳು, ಉದ್ಯಮಗಳು ಮತ್ತು ಸಾರ್ವಜನಿಕ ಸಂಘಗಳ ‘ಸಹಭಾಗಿತ್ವ’ ಎಂಬ ಮಾತು ಎಲ್ಲೆಡೆ ಕೇಳಿಬರುತ್ತಿದೆ. ಆ ಪ್ರಸಂಗದಲ್ಲಿ ನಮ್ಮ ಶಾಸನಗಳನ್ನು ಹೆಸರಿಸುವವರೂ ಉಂಟು. ಆದರೆ ಅವರು ಹೆಸರಿಸುವುದು ದಾನದ ಮಹಿಮೆಗಾಗಿ. ಶಾಸನಗಳ ಉತ್ತರಾರ್ಧವನ್ನು ಓದಿದರೆ ತಿಳಿದುಬರುವ ವಿಷಯವೇ ಬೇರೆ. ಅಲ್ಲಿರುವುದು ಬರಿಯ ದಾನವಲ್ಲ, ಕಟ್ಟುಪಾಡು. ಅದನ್ನು ಧರ್ಮಶಾಸ್ತ್ರಕಾರರು ‘ಸಂವಿತ್’ ಎಂದು ಕರೆದರು.

ಮೊದಲು ಸಾಲೋಟಗಿಯ ಶಾಸನವನ್ನು ನೋಡೋಣ. ಇದು ಈಗಿನ ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕಿನಲ್ಲಿದೆ. ಊರಿನ ಹಳೆಯ ಹೆಸರು ಪಾವಿಟ್ಟಗೆ. ಅಲ್ಲಿದ್ದ ಶಾಲೆಯಿಂದಲೇ ಊರಿಗೆ ಈಗಿನ ಹೆಸರು ಬಂದಿತೆಂದು ವಿದ್ವಾಂಸರ ಅಭಿಪ್ರಾಯ. ರಾಷ್ಟ್ರಕೂಟ ಮೂರನೆಯ ಕೃಷ್ಣನ ಮಂತ್ರಿಯಾದ ನಾರಾಯಣನು ಕ್ರಿ.ಶ. ೯೪೫ರ ಸುಮಾರಿನಲ್ಲಿ ತ್ರಯಪುರುಷದೇವರ ಸನ್ನಿಧಿಯಲ್ಲಿ ಶಾಲೆಯನ್ನು ಕಟ್ಟಿಸಿದನು. ನಾನಾ ಜನಪದಗಳಿಂದ ವಿದ್ಯಾರ್ಥಿಗಳು ಬಂದು ಸೇರಿದರು. ಇಷ್ಟು ಎಲ್ಲರಿಗೂ ಗೊತ್ತು. ಉತ್ತರಾರ್ಧವು ಹೇಳುವುದೇನೆಂದರೆ, ವಿದ್ಯಾರ್ಥಿಗಳ ವಾಸಕ್ಕೆ ೨೭ ಮನೆಗಳು, ದೀಪಕ್ಕೆಂದು ೧೨ ನಿವರ್ತನ ಭೂಮಿ, ಉಪಾಧ್ಯಾಯನಿಗೆ ೫೦ ನಿವರ್ತನ. ಇದಲ್ಲದೆ ಊರಿನವರು ತಾವಾಗಿ ಒಪ್ಪಿದ ಕಾಣಿಕೆಯೊಂದಿದೆ: ಮನೆಯಲ್ಲಿ ಮದುವೆಯಾದರೆ ಐದು ನಾಣ್ಯ, ಉಪನಯನವಾದರೆ ಅದರ ಅರ್ಧ, ಚೌಲವಾದರೆ ಮತ್ತೆ ಅದರ ಅರ್ಧ. ಯಾವುದೇ ನಿಮಿತ್ತದಿಂದ ಸಂತರ್ಪಣೆ ನಡೆದರೂ ಶಾಲೆಯವರನ್ನು ಯಥಾಶಕ್ತಿಯಾಗಿ ಉಣಿಸತಕ್ಕದ್ದು.

ಈ ವ್ಯವಸ್ಥೆಯನ್ನು ಕಾವ್ಯವನ್ನು ಓದುವಷ್ಟೇ ಎಚ್ಚರದಿಂದ ಓದಬೇಕು. ಕಟ್ಟಡವೆಂಬುದು ಒಮ್ಮೆ ಕೊಟ್ಟು ಮುಗಿಯುವ ದಾನ; ಅದು ಮಂತ್ರಿಯದು. ಭೂಮಿಯು ವರ್ಷಕ್ಕೊಮ್ಮೆ ಕೊಡುವಂಥದು; ಮಳೆ ಹೋದರೆ ಅದೂ ಹೋಯಿತು. ಮೂರನೆಯದು ಊರಿನ ಮನೆಮನೆಯ ಮಂಗಳಕಾರ್ಯದೊಡನೆ ಹೆಣೆದುಕೊಂಡಿದೆ. ಹುಡುಗನ ಜುಟ್ಟು ಬಿಟ್ಟ ದಿನ, ಜನಿವಾರ ಹಾಕಿದ ದಿನ, ಮಗಳ ಕೈಹಿಡಿಸಿದ ದಿನ ಆ ಗೃಹಸ್ಥನು ಶಾಲೆಯನ್ನು ನೆನೆಯಲೇಬೇಕು. ಸಂತೋಷವು ದೊಡ್ಡದಾದಷ್ಟೂ ಕಾಣಿಕೆಯು ದೊಡ್ಡದು. ಆದರೆ ಎಷ್ಟು ದೊಡ್ಡದೆಂದು ಮೊದಲೇ ಗೊತ್ತು, ಚೌಕಾಸಿಗೆ ಎಡೆಯಿಲ್ಲ. ಮಂತ್ರಿಯ ಹೆಸರು ಶಾಸನದಲ್ಲಿ ಮೆರೆಯುವುದು ನ್ಯಾಯವೇ. ಶಾಲೆಯು ಊರಿನ ನಿತ್ಯಜೀವನದೊಳಕ್ಕೆ ಇಳಿದದ್ದು ಮಾತ್ರ ಈ ಐದು, ಎರಡೂವರೆ, ಒಂದೂಕಾಲಿನ ಲೆಕ್ಕದಿಂದ.

ಇಲ್ಲಿ ಒಂದು ಆಕ್ಷೇಪವನ್ನು ಮುಚ್ಚಿಡಬಾರದು. ಉಪನಯನ ಚೌಲಗಳನ್ನು ಹಿಡಿದು ಕಾಣಿಕೆಯನ್ನು ಗೊತ್ತುಮಾಡಿರುವ ಊರಿನಲ್ಲಿ ‘ಊರು’ ಎಂದರೆ ಯಾರು ಎಂಬುದು ಸ್ಪಷ್ಟವಾಗಿಯೇ ಇದೆ. ಆ ಸಂಸ್ಕಾರಗಳಿಲ್ಲದ ಕುಲಗಳ ಮಕ್ಕಳಿಗೆ ಆ ೨೭ ಮನೆಗಳ ಬಾಗಿಲು ತೆರೆದಿರಲಿಲ್ಲ. ಹಳೆಯ ವ್ಯವಸ್ಥೆಯ ಜಾಣ್ಮೆಯನ್ನು ಹೊಗಳುವ ನಮ್ಮಂಥ ಪಂಡಿತರು ಈ ಮಾತನ್ನು ಅಡಿಟಿಪ್ಪಣಿಗೆ ತಳ್ಳುವ ಅಭ್ಯಾಸವನ್ನು ಬಿಡುವುದು ಒಳ್ಳೆಯದು.

ಇನ್ನು ವ್ಯಾಪಾರಿಗಳ ಮಾತು. ಸಾಲೋಟಗಿಯಲ್ಲಿ ಅವರು ಕಾಣುವುದಿಲ್ಲ, ಡಂಬಳದಲ್ಲಿ ಕ್ರಿ.ಶ. ೧೦೯೫ರಲ್ಲಿ ಹದಿನಾರು ಮಂದಿ ಸೆಟ್ಟಿಗಳು ಕೂಡಿ ಕಟ್ಟಿಸಿದ ಬೌದ್ಧವಿಹಾರದಂತಹ ಕಾರ್ಯಗಳಲ್ಲಿ ಕಾಣುತ್ತಾರೆ. ಆದರೆ ಉದ್ಯಮ, ಊರಿನ ಸಭೆ ಮತ್ತು ಧರ್ಮಸಂಸ್ಥೆ ಈ ಮೂರೂ ಸೇರಿದ ಕಟ್ಟುಪಾಡು ಎಲ್ಲಕ್ಕಿಂತ ನಿಚ್ಚಳವಾಗಿ ಸಿಕ್ಕುವುದು ಕರ್ಣಾಟಕದಲ್ಲಲ್ಲ, ನಾಸಿಕದ ಗುಹೆಗಳಲ್ಲಿ. ಕ್ಷತ್ರಪ ನಹಪಾನನ ಅಳಿಯನಾದ ಉಷವದಾತನು ಹತ್ತನೆಯ ಗುಹೆಯಲ್ಲಿ ಬರೆಯಿಸಿದ ೪೨ನೆಯ ವರ್ಷದ ಪ್ರಾಕೃತ ಶಾಸನವು ಅದು. ಅವನು ಅಲ್ಲಿನ ಭಿಕ್ಷುಸಂಘಕ್ಕೆ ೩೦೦೦ ಕಾರ್ಷಾಪಣಗಳನ್ನು ಕೊಟ್ಟನು. ಆದರೆ ಸಂಘದ ಕೈಗೆ ಕೊಡಲಿಲ್ಲ. ಗೋವರ್ಧನದಲ್ಲಿದ್ದ ನೇಕಾರರ ಒಂದು ಶ್ರೇಣಿಯಲ್ಲಿ ೨೦೦೦ವನ್ನು ತಿಂಗಳಿಗೆ ನೂರಕ್ಕೆ ಒಂದರ ಬಡ್ಡಿಗೂ, ಇನ್ನೊಂದು ನೇಕಾರರ ಶ್ರೇಣಿಯಲ್ಲಿ ೧೦೦೦ವನ್ನು ನೂರಕ್ಕೆ ಮುಕ್ಕಾಲರ ಬಡ್ಡಿಗೂ ಇಟ್ಟನು. ಅಸಲನ್ನು ಹಿಂದಕ್ಕೆ ಪಡೆಯುವಂತಿಲ್ಲ, ಬಡ್ಡಿಯನ್ನು ಮಾತ್ರ ಅನುಭವಿಸತಕ್ಕದ್ದು. ಈ ಎಲ್ಲವನ್ನೂ ನಿಗಮಸಭೆಯಲ್ಲಿ ಓದಿ ಹೇಳಿ ದಾಖಲೆ ಮಾಡಿಸಿದನು.

ಗಣಿತವನ್ನು ಮಾಡಿ ನೋಡಿದಾಗ ನನಗೆ ಆಶ್ಚರ್ಯವಾಯಿತು. ಗುಹೆಯಲ್ಲಿ ಮಳೆಗಾಲವನ್ನು ಕಳೆಯುವ ಭಿಕ್ಷುಗಳು ೨೦ ಮಂದಿ; ಒಬ್ಬೊಬ್ಬರ ಚೀವರಕ್ಕೆ ವರ್ಷಕ್ಕೆ ೧೨ ಕಾರ್ಷಾಪಣ; ಒಟ್ಟು ೨೪೦. ಎರಡು ಸಾವಿರಕ್ಕೆ ತಿಂಗಳಿಗೆ ನೂರಕ್ಕೆ ಒಂದರಂತೆ ವರ್ಷದ ಬಡ್ಡಿಯೂ ೨೪೦. ಒಂದು ಕಾಸು ಹೆಚ್ಚಿಲ್ಲ, ಕಡಿಮೆಯಿಲ್ಲ. ಬಟ್ಟೆಯ ವೆಚ್ಚವನ್ನು ಬಟ್ಟೆ ನೇಯುವವರಲ್ಲಿಯೇ ಇಟ್ಟಿರುವುದನ್ನೂ ಗಮನಿಸಬೇಕು. ಇದು ಶಾಲೆಯಲ್ಲ, ವಿಹಾರ ಎಂದು ಯಾರಾದರೂ ಹೇಳಿದರೆ ಒಪ್ಪುತ್ತೇನೆ. ಆದರೂ ಶ್ರೇಣಿಗೆ ಬಂಡವಾಳ, ಭಿಕ್ಷುಗಳಿಗೆ ವಸ್ತ್ರ, ಸಭೆಗೆ ಸಾಕ್ಷಿತ್ವ ಎಂದು ಮೂವರಿಗೂ ಒಂದೊಂದು ಹೊಣೆಯನ್ನೂ ಒಂದೊಂದು ಪ್ರಯೋಜನವನ್ನೂ ಇಷ್ಟು ನಿಖರವಾಗಿ ಹಂಚಿಕೊಟ್ಟ ಬೇರೊಂದು ಶಾಸನವನ್ನು ನಾನು ಓದಿಲ್ಲ.

ಈಗ ಶಬ್ದವಿಚಾರಕ್ಕೆ ಬರೋಣ. ‘ಸಹಭಾಗಿತ್ವ’ ಎಂಬ ಪದದಲ್ಲಿ ‘ಭಾಗ’ವಿದೆ, ಪಾಲನ್ನು ಹೊಂದುವುದೇ ಅದರ ತಿರುಳು. ಕೂಡಿ ವ್ಯಾಪಾರ ಮಾಡಿ ಲಾಭನಷ್ಟಗಳನ್ನು ಹಾಕಿದ ಬಂಡವಾಳಕ್ಕೆ ತಕ್ಕಂತೆ ಹಂಚಿಕೊಳ್ಳುವುದನ್ನು ಯಾಜ್ಞವಲ್ಕ್ಯಸ್ಮೃತಿಯು ‘ಸಂಭೂಯ ಸಮುತ್ಥಾನ’ ಎಂಬ ವ್ಯವಹಾರಪದದಲ್ಲಿ ನಿರೂಪಿಸುತ್ತದೆ. ಶಾಲೆಯಲ್ಲಿ ಹಂಚಿಕೊಳ್ಳುವ ಲಾಭವೇ ಇಲ್ಲ. ಆದ್ದರಿಂದ ಶಾಲೆಯ ವಿಚಾರವು ಆ ಪ್ರಕರಣಕ್ಕೆ ಸೇರತಕ್ಕದ್ದಲ್ಲ. ಅದು ಸೇರುವುದು ‘ಸಂವಿದ್ವ್ಯತಿಕ್ರಮ’ಕ್ಕೆ, ಎಂದರೆ ಕಟ್ಟುಪಾಡನ್ನು ಮೀರುವ ಪ್ರಕರಣಕ್ಕೆ. ಆ ಪ್ರಕರಣದ ಆರಂಭವನ್ನು ನೋಡಿರಿ: ಅರಸನು ಪಟ್ಟಣದಲ್ಲಿ ಸ್ಥಳವನ್ನು ಕಲ್ಪಿಸಿ, ತ್ರಯೀವಿದ್ಯೆಯನ್ನು ಬಲ್ಲವರನ್ನು ಅಲ್ಲಿ ನೆಲೆಗೊಳಿಸಿ, ವೃತ್ತಿಯನ್ನು ಕೊಟ್ಟು, ನಿಮ್ಮ ಧರ್ಮವನ್ನು ನೀವು ಪಾಲಿಸಿರಿ ಎಂದು ಹೇಳಬೇಕು. ಅಂದರೆ ಸಂವಿತ್ತಿನ ವಿಚಾರವನ್ನು ಸ್ಮೃತಿಕಾರನು ವಿದ್ಯಾವಂತರ ಸ್ಥಾಪನೆಯಿಂದಲೇ ತೊಡಗಿದ್ದಾನೆ. ಪ್ರಕರಣದ ಕೊನೆಯಲ್ಲಿ ಇದೇ ವಿಧಿಯು ಶ್ರೇಣಿಗಳಿಗೂ, ನೈಗಮರಿಗೂ, ವೇದಬಾಹ್ಯ ಮತಸ್ಥರಿಗೂ, ಇತರ ಗಣಗಳಿಗೂ ಅನ್ವಯಿಸುತ್ತದೆಂದು ಹೇಳಿದೆ. ಶಾಲೆ, ಉದ್ಯಮ, ಸಂಘ ಮೂರೂ ಒಂದೇ ವಿಧಿಯ ಕೆಳಗೆ! ಮಿತಾಕ್ಷರಾಕಾರನಾದ ವಿಜ್ಞಾನೇಶ್ವರನು ಇದನ್ನು ವ್ಯಾಖ್ಯಾನಿಸಿದ್ದು ನಮ್ಮ ಕಲ್ಯಾಣದಲ್ಲಿ, ಆರನೆಯ ವಿಕ್ರಮಾದಿತ್ಯನ ಆಳ್ವಿಕೆಯಲ್ಲಿ. ಡಂಬಳದ ಸೆಟ್ಟಿಗಳ ಕಾಲವೂ ಅದೇ.

ಶಿಕ್ಷೆಯು ಕಠಿನವಾಗಿದೆ. ಗಣದ ದ್ರವ್ಯವನ್ನು ಕದ್ದವನ, ಸಂವಿತ್ತನ್ನು ಮೀರಿದವನ ಸರ್ವಸ್ವವನ್ನೂ ಕಿತ್ತುಕೊಂಡು ರಾಷ್ಟ್ರದಿಂದ ಹೊರಡಿಸಬೇಕು. ಗಣದ ಕೆಲಸಕ್ಕಾಗಿ ಹೋದವನು ಅಲ್ಲಿ ದೊರೆತದ್ದನ್ನು ತಾನಾಗಿ ಒಪ್ಪಿಸದಿದ್ದರೆ ಹನ್ನೊಂದು ಪಟ್ಟು ತೆರಬೇಕು. ಶಾಲೆಯ ಹೆಸರಿನಲ್ಲಿ ಚಂದಾ ಎತ್ತುವವರು ಈ ಎರಡನೆಯ ಮಾತನ್ನು ಒಮ್ಮೆ ಓದಿಕೊಳ್ಳಬಹುದು.

ಈ ದೃಷ್ಟಿಯಿಂದ ಈಗಿನ ವ್ಯವಸ್ಥೆಯನ್ನು ಪರಿಶೀಲಿಸಿದರೆ ಕೊರತೆಯೆಲ್ಲಿದೆಯೆಂಬುದು ಗೋಚರಿಸುವುದು. ಹಣಕ್ಕೆ ಬರಗಾಲವೆಂದು ಹೇಳಲಾಗದು. ೨೦೧೩ರ ಕಂಪನಿ ಕಾಯಿದೆಯ ೧೩೫ನೆಯ ಪ್ರಕರಣವು ನಿರ್ದಿಷ್ಟ ಗಾತ್ರವನ್ನು ಮೀರಿದ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದಲ್ಲಿ ನೂರಕ್ಕೆ ೨ನ್ನು ಲೋಕಹಿತಕ್ಕೆ ವೆಚ್ಚಮಾಡಬೇಕೆಂದು ವಿಧಿಸಿದೆ; ವಿದ್ಯಾಪ್ರಸಾರವೂ ಆ ಪಟ್ಟಿಯಲ್ಲಿದೆ, ತಾನಿರುವ ಸ್ಥಳಕ್ಕೆ ಆದ್ಯತೆ ಕೊಡಬೇಕೆಂಬ ಮಾತೂ ಇದೆ. ಕರ್ಣಾಟಕದ ಸರಕಾರಿ ಶಾಲೆಗಳಲ್ಲಿ ತಂದೆತಾಯಿಗಳನ್ನೊಳಗೊಂಡ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳು ೨೦೦೧ರಿಂದ ಇವೆ. ಹೀಗೆ ಶ್ರೇಣಿಯೂ ಇದೆ, ಸಭೆಯೂ ಇದೆ, ಶಾಲೆಯೂ ಇದೆ. ಇವುಗಳನ್ನು ಕಟ್ಟುವ ಸಂವಿತ್ತು ಮಾತ್ರ ಇಲ್ಲ. ಕಂಪನಿಯು ತನ್ನ ವೆಚ್ಚವನ್ನು ನಿರ್ದೇಶಕಮಂಡಲಿಯ ವರದಿಯಲ್ಲಿ ಒಪ್ಪಿಸುತ್ತದೆ. ಊರಿನ ಸಮಿತಿಯ ಮುಂದೆ ಓದಿ ಹೇಳುವ ಕಟ್ಟಳೆಯಿಲ್ಲ. ಸಮಿತಿಯು ಹಣವನ್ನು ಬೇಡುತ್ತದೆ; ತಾನು ಏನನ್ನು ಕೊಡುತ್ತೇನೆಂದು ಬರೆದುಕೊಡುವುದಿಲ್ಲ. ಬರುವ ಹಣವು ಬಹುಮಟ್ಟಿಗೆ ಕಟ್ಟಡಕ್ಕೆ ಹೋಗುತ್ತದೆ, ಏಕೆಂದರೆ ಕಟ್ಟಡದ ಮೇಲೆ ಹೆಸರನ್ನು ಬರೆಯಬಹುದು. ದೀಪದ ೧೨ ನಿವರ್ತನದ ಮೇಲೆ ಹೆಸರನ್ನು ಬರೆಯುವುದು ಕಷ್ಟ.

ಉದ್ಯಮವೇ ಮುಂದಾಗಿ ಬಂದು ಶಾಲೆಯನ್ನು ಸಾಕಬೇಕೆಂಬ ಊಹೆಯೂ ಸರಿಯಲ್ಲ. ಮಂಗಳೂರಿನಲ್ಲಿ ವಕೀಲರಾಗಿದ್ದ ಅಮ್ಮೆಂಬಳ ಸುಬ್ಬರಾವ್ ಪೈಗಳು ೧೮೯೧ರಲ್ಲಿ ಕೆನರಾ ಹೈಸ್ಕೂಲನ್ನೂ, ೧೮೯೪ರಲ್ಲಿ ಹೆಣ್ಣುಮಕ್ಕಳ ಶಾಲೆಯನ್ನೂ ಸ್ಥಾಪಿಸಿದರು; ಮುಂದೆ ಕೆನರಾ ಬ್ಯಾಂಕಾಗಿ ಬೆಳೆದ ನಿಧಿಯನ್ನು ತೆರೆದದ್ದು ೧೯೦೬ರಲ್ಲಿ. ಶಾಲೆಯು ಮೊದಲು ಬಂದಿತು, ಬ್ಯಾಂಕು ಹದಿನೈದು ವರ್ಷಗಳ ಅನಂತರ ಬಂದಿತು.

ನಾನು ಓದಿದ ಸಂಸ್ಕೃತ ಪಾಠಶಾಲೆಯು ಈಗಿಲ್ಲ. ಊರಿನ ಒಬ್ಬ ವರ್ತಕರು ಅಕ್ಕಿ, ಬೇಳೆ, ಪಂಡಿತರ ಸಂಬಳ ಎಲ್ಲವನ್ನೂ ತಾವೇ ಕೊಡುತ್ತಿದ್ದರು. ಬಹಳ ಸಜ್ಜನರು, ಊರಿನ ಇನ್ನೊಬ್ಬರಿಂದ ಒಂದು ಸೇರು ಅಕ್ಕಿಯನ್ನೂ ತೆಗೆದುಕೊಳ್ಳಗೊಡುತ್ತಿರಲಿಲ್ಲ. ಅವರು ತೀರಿಕೊಂಡ ಮೇಲೆ ಮಕ್ಕಳು ಪಾಲಾದರು. ಪಾಲುಪಟ್ಟಿಯಲ್ಲಿ ಅಂಗಡಿಯಿತ್ತು, ತೋಟವಿತ್ತು, ಪಾಠಶಾಲೆಯ ಹೆಸರಿರಲಿಲ್ಲ. ಊರಿನವರನ್ನು ಕೇಳೋಣವೆಂದರೆ ಎಂದೂ ಕೊಟ್ಟವರಲ್ಲ. ಅದು ತಮ್ಮದೆಂದು ಅವರಿಗೆ ಅನ್ನಿಸಿಯೇ ಇರಲಿಲ್ಲ. ಎರಡನೆಯ ವರ್ಷ ಬಾಗಿಲು ಹಾಕಿದರು. ಆಗ ನಮ್ಮ ಗುರುಗಳು ಯಾರನ್ನೂ ದೂರಲಿಲ್ಲ. ತಾವು ವಾರಾನ್ನದಲ್ಲಿ ಓದಿದ ಕಥೆಯನ್ನು ಹೇಳಿದರು. ವಾರಕ್ಕೆ ಏಳು ಮನೆಗಳು. ಒಂದು ಮನೆಯವರು ಊರು ಬಿಟ್ಟರೆ ಒಂದು ದಿನದ ಉಪವಾಸ. ಅಷ್ಟರಲ್ಲಿ ಇನ್ನೊಂದು ಮನೆಯು ಸಿಕ್ಕುತ್ತಿತ್ತು. ಬುಧವಾರದ ಮನೆಯ ಅಜ್ಜಿಯು ಎಲೆಯ ಮುಂದೆ ಕುಳ್ಳಿರಿಸಿ, “ಇವತ್ತು ಏನು ಪಾಠವಾಯಿತಪ್ಪಾ?” ಎಂದು ಕೇಳದೆ ಅನ್ನ ಬಡಿಸುತ್ತಿರಲಿಲ್ಲವಂತೆ. ಓದುಬರಹ ಬಾರದ ಆ ಅಜ್ಜಿಗೆ ಹೆದರಿಯೇ ರಘುವಂಶದ ಎರಡು ಸರ್ಗಗಳನ್ನು ಕಂಠಸ್ಥ ಮಾಡಿದೆನೆಂದು ಹೇಳಿ ಗುರುಗಳು ನಗುತ್ತಿದ್ದರು.

ಸಂಕಲನಕಾರರಲ್ಲಿಯೂ ಪಠ್ಯಪುಸ್ತಕಸಮಿತಿಗಳಲ್ಲಿಯೂ ನನ್ನ ಪ್ರಾರ್ಥನೆಯು ಇಷ್ಟೇ. ನಾಗಾವಿಯ ಘಟಿಕಾಸ್ಥಾನದ ಕ್ರಿ.ಶ. ೧೦೫೮ರ ಶಾಸನವನ್ನು ಅಚ್ಚುಮಾಡುವಾಗ ವೇದವಿದ್ಯಾರ್ಥಿಗಳು ೨೦೦, ಶಾಸ್ತ್ರವಿದ್ಯಾರ್ಥಿಗಳು ೫೨ ಎಂಬಲ್ಲಿಗೆ ನಿಲ್ಲಿಸದೆ, ಆರು ಮಂದಿ ಸರಸ್ವತೀಭಂಡಾರಿಗರನ್ನೂ ಅವರ ಜೀವಿತಕ್ಕೆ ಬಿಟ್ಟ ಭೂಮಿಯನ್ನೂ ಸೇರಿಸಲಿ. ಸಾಲೋಟಗಿಯ ಅನುವಾದದಲ್ಲಿ ಮದುವೆಯ ಐದು ನಾಣ್ಯಗಳನ್ನು ಬಿಡದಿರಲಿ. ಪಾಠವು ಅರ್ಧ ಪುಟ ಉದ್ದವಾಗುವುದು. ಪ್ರಶಸ್ತಿಯ ಬಿರುದುಗಳಲ್ಲಿ ಅಷ್ಟನ್ನು ತೆಗೆದರೆ ಸರಿಹೋಗುವುದು.